ಬಂಗಡೆಗೆ ಮರ್ಯಾದೆ ಕೊಟ್ಟ ಮಾವ

ಇಡೀ ಕಾರವಾರದಲ್ಲಿ ಬಂಗಡೆ ಮೀನಿಗೆ ಮರ್ಯಾದೆ ಕೊಟ್ಟ ಮನುಷ್ಯ ಯಾರಾದರೂ ಇದ್ದರೆ ಅದು ನನ್ನ ಸೋದರಮಾವ ಒಬ್ಬನೇ! ಉಳಿದ ನಾವೆಲ್ಲ ಅದಕ್ಕೆ ಮಸಾಲೆ ಹಚ್ಚಿದವರೇ.

ಮಾವ ಕಾರವಾರದಿಂದ ಕಾಳಿ ನದಿಯ ಸೇತುವೆ ದಾಟಿದರೆ ಸಿಗುವ ಸದಾಶಿವಗಡದಲ್ಲಿ ಒಬ್ಬನೇ ಇದ್ದ. ಮದುವೆ ಆಗಲಿಲ್ಲ. ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಸುಮ್ಮನೆ ಕೂರಬಹುದಿತ್ತಲ್ಲ? ಮಕ್ಕಳಿಗೊಂದು ಚಿತ್ರಕಥೆಯ ಪುಸ್ತಕ ಮಾಡುತ್ತೇನೆಂದು ಹೊರಟ. ಕಥೆ ಏನಪ್ಪಾ ಅಂದರೆ, ಒಂದು ದಿನ ಇಳಿದುಹೋದ ಸಮುದ್ರ ವಾಪಸು ಬರುವುದೇ ಇಲ್ಲ. ಒಂದು ಏಡಿ, ಒಂದು ಬಂಗಡೆ, ಕಾಳಿ ನದಿಯ ಒಂದು ನೀರುನಾಯಿ, ಈ ಮೂವರು ಗೆಳೆಯರು ಹಾರುವ ದೋಣಿ ಹತ್ತಿ ಅದನ್ನು ಕರೆತರಲು ಹೋಗುತ್ತಾರೆ. ಬಂಗಡೆ ಆಕಾಶದಲ್ಲಿ ಬದುಕುವುದು ಹೇಗೆ ಎಂದು ಕೇಳಿದೆ.

"ತಲೆಗೆ ನೀರು ತುಂಬಿದ ಉಪ್ಪಿನಕಾಯಿ ಬರಣಿ ಹಾಕಿದ್ದೆ, ಕಾಣೂದಿಲ್ವನೇ ನಿಂಗೆ?" ಎಂದು ನನಗೇ ಗದರಿದ.

ಇಷ್ಟಾಗಿದ್ದರೆ ಪರವಾಗಿರಲಿಲ್ಲ. ತಾನು ಚಿತ್ರ ಬರೆದ ಜೀವವನ್ನು ತಿನ್ನಬಾರದೆಂದು ನೇಮ ಹಿಡಿದ! ಮೊದಲು ಬಂಗಡೆ ಬಿಟ್ಟ, ಆಮೇಲೆ ಏಡಿ ಬಿಟ್ಟ. ನಾಲ್ಕನೇ ಪುಟಕ್ಕೆ ಸಿಗಡಿಗಳ ದಂಡೇ ಬಂತು. ದಿನವೂ ಬುಟ್ಟಿ ಹೊತ್ತು ಬಾಗಿಲಿಗೆ ಬರುವ ಮೀನು ಮಾರುವ ಹೆಂಗಸಿಗೆ, ಎಲ್ಲರೂ ಮೀನಿನ ಬಾಯಿ ಎಂದು ಕರೆಯುವವಳಿಗೆ, ತಲೆ ಕೆಟ್ಟಿತು.

"ಮಾಸ್ತರ್ರೇ, ಇವತ್ತು ತಾರ್ಲೆ ಮೀನು ತಂದಿದ್ದೆ. ಪುಸ್ತಕಕ್ಕೆ ಹಾಕೂಕಿಂತ ಮೊದ್ಲು ತಿಂದ್ಬಿಡಿ ಮಾರಾಯ್ರೇ!"

ಮಾವ ಅವತ್ತೇ ಮಧ್ಯಾಹ್ನ ತಾರ್ಲೆಯ ಚಿತ್ರ ಬರೆದ.

ಒಮ್ಮೆ ಅವನು ಅಂಕೋಲೆಯ ನಮ್ಮ ಮನೆಗೆ ಬಂದಾಗ ನಾನು ಮರೆತು ಬಂಗಡೆ ಸಾರು ಮಾಡಿದ್ದೆ. ಮಾವ ತಟ್ಟೆಯನ್ನೇ ನೋಡಿದ. "ಪಾಪ, ಐದನೇ ಪುಟದಲ್ಲಿ ದೋಣಿ ನಡೆಸೂದು ಇವ್ಳೇ" ಎಂದ. ನನ್ನ ಗಂಡ ಬಾಯಿಗೆ ಒಯ್ದ ತುತ್ತನ್ನು ಕೆಳಗಿಟ್ಟರು. ಇದ್ದಬದ್ದ ಬಂಗಡೆಯೆಲ್ಲ ಪಕ್ಕದ ಮನೆಗೆ ಹೋಯಿತು. ನಿಂಬೆ ಉಪ್ಪಿನಕಾಯಿಯಲ್ಲಿ ಉಣ್ಣುತ್ತ ಗಂಡ ಮೆಲ್ಲಗೆ ಕೇಳಿದರು: "ನಿಂಬೆಹಣ್ಣಿನ ಚಿತ್ರ ಇನ್ನೂ ಬರೆದಿಲ್ಲ ತಾನೇ?"

ಎಲ್ಲ ಸರಿ, ಆದರೆ ಆ ಪುಸ್ತಕದಲ್ಲಿ ಒಂದೂ ಮಾತಿರಲಿಲ್ಲ! ಪ್ರಾಣಿಗಳ ಬಾಯಿಯ ಹತ್ತಿರ ಮಾತಿಗೆಂದು ಬಿಟ್ಟ ಬಿಳಿ ಗುಳ್ಳೆಗಳೆಲ್ಲ ಖಾಲಿ. ಅದಕ್ಕೆ ನಾನೇ ಕಾರಣ. ಏಳು ವರ್ಷದವಳಿದ್ದಾಗ, "ಚಿತ್ರ ನೀ ಬರಿ ಮಾವಾ, ಮಾತು ನಾ ಬರೀತೆ" ಎಂದಿದ್ದೆನಂತೆ. ನಾನು ಮರೆತೆ, ಅವನು ಮರೆಯಲಿಲ್ಲ.

ಮಾವ ಪುಸ್ತಕಕ್ಕೆ ಕೂತ ಹೊತ್ತಿಗೆ ಆಗಷ್ಟೇ ಕೈಕೈಗೆ ಮೊಬೈಲ್ ಬಂದಿತ್ತು. ಭಾನುವಾರ ಬೆಳಗಾದರೆ ಮಾವನ ಮಿಸ್ಡ್ ಕಾಲ್. ತಿರುಗಿ ಮಾಡಿದರೆ, "ಯಾವಾಗ ಬರ್ತಿ ಮಗಾ? ಏಡಿ ಬಾಯಿ ತೆರ್ಕೊಂಡು ಕೂತಿದೆ" ಎನ್ನುತ್ತಿದ್ದ.

"ಬರೂ ಭಾನುವಾರ ಖಂಡಿತ ಮಾವಾ."

ಎಷ್ಟು ಭಾನುವಾರ ಹೋದವೋ! ಅಂಕೋಲೆಯಿಂದ ಸದಾಶಿವಗಡ ಏನು ಕಾಶಿಯೇ? ಮದುವೆಮನೆಗಳಲ್ಲಿ ಮಾತ್ರ ಮಾವನ ಬಂಗಡೆಯ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ನಕ್ಕವರಲ್ಲಿ ಅವನ ಮನೆಗೆ ಹೋದವರು ಒಬ್ಬರೂ ಇರಲಿಲ್ಲ, ನಾನೂ ಹೋಗಲಿಲ್ಲ.

ಒಂದು ದಿನ ಕಾರವಾರದ ಪೇಟೆಯಲ್ಲಿ ಅದೇ ಮೀನಿನ ಬಾಯಿ ಸಿಕ್ಕಳು. "ಏನು ಬಾಯೀ, ಮಾವ ಈಗ ಯಾವ ಮೀನು ತಗೊಳ್ತ?" ಎಂದು ನಗುತ್ತ ಕೇಳಿದೆ.

ಅವಳು ನಗಲಿಲ್ಲ. "ಒಂದೂ ತಗೊಳ್ಳೂದಿಲ್ಲ. ಆದ್ರೂ ದಿನಾ ಬುಟ್ಟಿ ಇಳ್ಸೂಕೆ ಹೇಳ್ತರು. ಎಂತಕ್ಕೆ ಗೊತ್ತದೆಯಾ? ಮಾತಾಡೂಕೆ. ನಾ ಬಾರ್ದೇ ಇದ್ದ ದಿನ ಆ ಮನೇಲಿ ಮಾತೇ ಇಲ್ಲ."

ಅಲ್ಲಿಂದಲೇ ಸೇತುವೆ ದಾಟುವ ಬಸ್ಸು ಹತ್ತಿದೆ.

ಮಾವ ಏಕೆ ತಡವಾಯಿತೆಂದು ಕೇಳಲಿಲ್ಲ. ಪುಟಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಶಾಯಿ ತುಂಬಿದ ಪೆನ್ನನ್ನು ನನ್ನ ಕೈಗಿಟ್ಟ. ಮೊದಲ ಪುಟದಲ್ಲಿ ಏಡಿ ಒಣಗಿದ ಮರಳಿನ ಮೇಲೆ ಕೂತು ನಮ್ಮನ್ನೇ ನೋಡುತ್ತಿತ್ತು. ನನಗೆ ಅಳು ಬಂತು. ಸಮುದ್ರದ ವಿಷಯ ಏನೂ ಹೊಳೆಯಲಿಲ್ಲ. ಏಡಿಯ ಬಾಯಿಯ ಗುಳ್ಳೆಯಲ್ಲಿ ಬರೆದೆ: "ಊಟ ಆಯ್ತಾ?"

ಮಾವ ಕನ್ನಡಕ ಸರಿಮಾಡಿಕೊಂಡು, ಅಕ್ಷರಗಳ ಮೇಲೆ ಬೆರಳಿಟ್ಟು ಎರಡು ಸಲ ಓದಿದ. ಆಮೇಲೆ ನನಗಲ್ಲ, ಏಡಿಗೇ ಹೇಳಿದ: "ಇನ್ನೂ ಇಲ್ಲ. ಒಬ್ನೇ ಉಣ್ಣೂಕೆ ಬೇಜಾರು."

ಪೆನ್ನು ಕೆಳಗಿಟ್ಟು, ಒಳಗೆ ಹೋಗಿ ಇಬ್ಬರಿಗೆ ಅಕ್ಕಿ ತೊಳೆದೆ.