ದೊಡ್ಡಪ್ಪನ ಎಡಗಾಲಿಗೆ ಜ್ವರ

ಲಸಿಕೆ ಹಾಕುವ ದಿನ, ಬೆಳಗ್ಗೆ ಹತ್ತು ಗಂಟೆಗೆ, ಹದಿನೆಂಟು ತಾಯಂದಿರು ಮತ್ತು ಹತ್ತೊಂಬತ್ತು ಮಕ್ಕಳು ಕಣ್ಣು ಕಣ್ಣು ಬಿಟ್ಟು ನೋಡುತ್ತಿದ್ದಂತೆ, ಹೆಸರಾಂತ ಮಕ್ಕಳ ಡಾಕ್ಟ್ರು ತಮ್ಮ ಗಾಡಿಯ ಡಿಕ್ಕಿಯಿಂದ ತಲೆ ಮುಂದಾಗಿ ಹೊರಗೆ ಬಂದರು.

"ಅಮ್ಮಾ, ಡಾಕ್ಟ್ರು ಹುಟ್ಟಿದ್ರು!" ಎಂದು ಸಾಲಿನಲ್ಲಿದ್ದ ನಾಲ್ಕು ವರ್ಷದ ಹುಡುಗಿಯೊಬ್ಬಳು ಚಪ್ಪಾಳೆ ತಟ್ಟಿದಳು.

ಆದದ್ದಿಷ್ಟು. ಡಾಕ್ಟ್ರು ದಿನಾ ಕ್ಲಿನಿಕ್ಕಿಗೆ ನಡೆದೇ ಹೋಗುವವರು. ಅಂದು ಲಸಿಕೆಯ ಡಬ್ಬಗಳಿದ್ದವೆಂದು ಮನೆಯ ಗಾಡಿ ತಂದಿದ್ದರು. ಕ್ಲಿನಿಕ್ಕಿನ ಮುಂದೆ ನಿಲ್ಲಿಸಿ ಬಾಗಿಲಿನ ಹಿಡಿ ಎಳೆದರೆ ಹಿಡಿ ಬಂತು, ಬಾಗಿಲು ಬರಲಿಲ್ಲ. ಪಕ್ಕದ ಸೀಟಿನಲ್ಲಿ ಡಬ್ಬಗಳು ಮೇಲ್ಛಾವಣಿಯವರೆಗೆ ಪೇರಿಸಿ ಕೂತಿದ್ದವು. ಹಿಂದಿನ ಸೀಟಿಗೆ ದಾಟಿದರೆ ಅಲ್ಲಿನ ಎರಡು ಬಾಗಿಲುಗಳೂ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಚಾಲಕನ ಸೀಟಿನ ಬಳಿಯ ಕಡ್ಡಿಯನ್ನು ಉದ್ದಕ್ಕೆ ಕೈಚಾಚಿ ಎಳೆದಾಗ ಡಿಕ್ಕಿ ಬಾಯಿ ಬಿಟ್ಟಿತು. ಮುಂದಿನದನ್ನು ಆ ಹುಡುಗಿ ಆಗಲೇ ಹೇಳಿದ್ದಾಳೆ.

ಮಧ್ಯಾಹ್ನ ಮನೆಗೆ ಬಂದಾಗ ಹೆಂಡತಿ ಅಂಗಳದಲ್ಲಿ ಕೂತು ಕರಣಿಯಿಂದ ಕುಂಡಗಳಿಗೆ ಮಣ್ಣು ತುಂಬುತ್ತಿದ್ದರು. ಸಸಿಗಳನ್ನು ಬೆಳೆಸಿ ಮನೆಮನೆಗೆ ತಲುಪಿಸುವುದು ಅವರ ಕಸುಬು. ಗಿರಾಕಿಗಳೆಲ್ಲ ಸಸಿಯಮ್ಮ ಎಂದೇ ಕರೆಯುತ್ತಿದ್ದರು. ವಿಷಯ ಕೇಳಿಯೂ ಅವರು ತಲೆಯೆತ್ತಲಿಲ್ಲ.

"ಗಾಜು ಇಳಿಸಿ, ಕೈ ಹೊರಗೆ ಹಾಕಿ, ಹೊರಗಿನ ಹಿಡಿ ಎತ್ತಿದ್ರೆ ಆಗಿತ್ತು."

"ಅದೊಂದು ಬಾಗಿಲಾ? ಅದೊಂದು ಗಾಡಿಯಾ?"

"ದೊಡ್ಡಪ್ಪನ್ನ ಬೈಬೇಡಿ."

ದೊಡ್ಡಪ್ಪ ಎಂದರೆ ಗಾಡಿ. ಎತ್ತರದ ಆಳು, ಅಗಲ ಭುಜ, ಬೆಳಗ್ಗೆ ಎದ್ದರೆ ಕೆಮ್ಮು, ಹೊರಡುವ ಮುಂಚೆ ಗೊಣಗಾಟ. ಮಗಳು ಮೂರು ವರ್ಷದವಳಿದ್ದಾಗ ಕೊಂಡದ್ದು, ಆಕೆಯೇ ಇಟ್ಟ ಹೆಸರು. ಹದಿನೈದು ವರ್ಷದಿಂದ ಅದನ್ನು ಓಡಿಸುತ್ತಿದ್ದವರು ಸಸಿಯಮ್ಮ. ಆರಡಿ ಎತ್ತರದ ಗಿಡ ನಿಂತುಕೊಂಡೇ ಪ್ರಯಾಣ ಮಾಡಬಲ್ಲ ಗಾಡಿ ಇನ್ನೊಂದು ಅವರಿಗೆ ಸಿಕ್ಕಿರಲಿಲ್ಲ. ಆದರೆ ಈಗ ದೊಡ್ಡಪ್ಪನ ನೆತ್ತಿಯ ಮೇಲೆ ಕತ್ತಿ ತೂಗುತ್ತಿತ್ತು. ಹದಿನೈದು ತುಂಬಿದ ಗಾಡಿಗಳಿಗೆ ತಪಾಸಣೆ ಆಗಬೇಕು. ಪಾಸಾದರೆ ಇನ್ನು ಐದು ವರ್ಷ ರಸ್ತೆ, ನಪಾಸಾದರೆ ನೇರ ಗುಜರಿ. ತಪಾಸಣೆ ಬರುವ ಶನಿವಾರ. ಹದಿನೈದು ವರ್ಷದಿಂದ ಅದರ ನಾಡಿ ಹಿಡಿದಿದ್ದ ಗ್ಯಾರೇಜಿನ ಮೇಸ್ತ್ರಿ ಸೊಂಟ ಉಳುಕಿಸಿಕೊಂಡು ಮಲಗಿದ್ದರು.

"ಮೇಸ್ತ್ರಿ ಇಲ್ಲದಿದ್ರೆ ಏನಂತೆ? ನಾನಿದೀನಿ!" ಎಂದರು ಡಾಕ್ಟ್ರು, ಎದೆ ಉಬ್ಬಿಸಿ.

ಸಸಿಯಮ್ಮನ ಕೈಯಲ್ಲಿದ್ದ ಕರಣಿ ನಿಂತಿತು. "ನೀವು?"

"ಪೇಷೆಂಟು ಮಾತಾಡಲ್ಲ ಅಂತ ಹೆದರೋ ಡಾಕ್ಟ್ರಲ್ಲ ನಾನು. ಇಪ್ಪತ್ತೆಂಟು ವರ್ಷದಿಂದ ಮಾತು ಬಾರದ ಪೇಷೆಂಟುಗಳನ್ನೇ ನೋಡಿದೀನಿ. ಅಳೋ ದನಿ ಕೇಳಿಯೇ ಹೊಟ್ಟೆನೋವೋ ಕಿವಿನೋವೋ ಹೇಳ್ತೀನಿ. ಇದು ಯಾವ ಮಹಾ!"

ಇದು ಸುಳ್ಳಲ್ಲ. ಆದರೆ ಅವರ ಕ್ಲಿನಿಕ್ಕಿನ ಗೋಡೆಯ ಮೇಲೆ, ಕಿರಿಯ ಡಾಕ್ಟ್ರುಗಳಿಗೆಂದು ಅವರೇ ಬರೆಸಿದ ಒಂದು ಫಲಕವೂ ಇತ್ತು: "ಮಗು ಮಾತಾಡುವುದಿಲ್ಲ. ತಾಯಿಯನ್ನು ಕೇಳಿ." ಬಂದವರೆಲ್ಲರಿಗೂ ಅವರ ಮೊದಲ ಪ್ರಶ್ನೆ ಒಂದೇ, "ಎಷ್ಟು ದಿನದಿಂದ ಹೀಗೆ?" ಆ ಫಲಕ ಕ್ಲಿನಿಕ್ಕಿನಲ್ಲೇ ಉಳಿಯಿತು, ಮನೆಗೆ ಬರಲಿಲ್ಲ.

ಸೋಮವಾರ ಬೆಳಗ್ಗೆ ಡಾಕ್ಟ್ರು ಕೊರಳಿಗೆ ಸ್ಟೆತಸ್ಕೋಪ್ ಹಾಕಿಕೊಂಡು ಬಾನೆಟ್ ಎತ್ತಿದರು. ಸಸಿಯಮ್ಮ ಹತ್ತಿರ ಬಂದು, "ರೀ, ಸ್ಟಾರ್ಟ್ ಮಾಡೋಕೆ ಮುಂಚೆ ನಾನು ಯಾವಾಗ್ಲೂ..." ಎನ್ನುವಷ್ಟರಲ್ಲಿ ಡಾಕ್ಟ್ರು ಕೈಯೆತ್ತಿದರು.

"ಪೇಷೆಂಟಿನ ಕಡೆಯವರು ದಯವಿಟ್ಟು ಹೊರಗೆ ಕೂತ್ಕೊಳ್ಳಿ!"

ಪೇಷೆಂಟಿನ ಕಡೆಯವರು ಹೋಗಿ ಜಗಲಿಯ ಮೇಲೆ ಕೂತರು.

ಮೊದಲ ನೋಟಕ್ಕೇ ಬ್ಯಾಟರಿಯ ಕೊಂಡಿಯ ಮೇಲೆ ಬೆಳ್ಳಗೆ ಬೂಷ್ಟು ಹಿಡಿದಂಥ ಪುಡಿ ಕಂಡಿತು. "ಬಾಯಿಹುಣ್ಣು!" ಎಂದು ಡಾಕ್ಟ್ರು ಘೋಷಿಸಿದರು. ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಕೊಂಡಿ ಬಿಗಿದರು. ಕೀಲಿ ಒಂದೇ ಸಲ ತಿರುಗಿಸಿದ್ದಕ್ಕೆ ಎಂಜಿನ್ ಎದ್ದು ಕೂತಿತು! ಎದ್ದದ್ದೇ ಕೀಂಯ್ ಎಂದು ಕಿರುಚಿತು. ಡಾಕ್ಟ್ರಿಗೆ ಆನಂದ. ಎದ್ದ ಕೂಡಲೇ ಅತ್ತು, ಓಡಾಡಿದ ಮೇಲೆ ಸುಮ್ಮನಾಗುವ ಮಗುವಿಗೆ ಏನಾಗಿರುತ್ತದೆ? ಮೇಸ್ತ್ರಿಗೆ ಫೋನು ಹೋಯಿತು.

"ಬೆಲ್ಟ್ ಸಡಿಲ ಆಗಿರುತ್ತೆ ಸಾರ್, ಬಿಗಿ ಮಾಡಿ," ಎಂದರು ಮೇಸ್ತ್ರಿ ಮಲಗಿದಲ್ಲಿಂದಲೇ. "ಅಂದ್ಹಾಗೆ ಸಾರ್, ಒಂದ್ಸಲ ಅಮ್ಮಾವ್ರನ್ನ ಕೇಳಿ ನೋಡಿ..."

"ಬೆಲ್ಟ್ ಎಷ್ಟು ಬಿಗಿ?" ಎಂದರು ಡಾಕ್ಟ್ರು.

ಮಂಗಳವಾರದ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ದೊಡ್ಡಪ್ಪ ನೇರ ರಸ್ತೆಯಲ್ಲೂ ಎಡಕ್ಕೆ ವಾಲುವುದೇಕೆ? ಡಾಕ್ಟ್ರು ಎರಡು ಬೀದಿ ಸುತ್ತಿ ಬಂದು, ಇಳಿದು, ನಾಲ್ಕು ಚಕ್ರಗಳಿಗೂ ಹಿಂಗೈ ಒತ್ತಿ ನೋಡಿದರು, ಮಕ್ಕಳ ಹಣೆ ಮುಟ್ಟಿ ನೋಡುವ ಹಾಗೆ. ಮೂರು ಬೆಚ್ಚಗಿದ್ದವು. ಮುಂದಿನ ಎಡಗಾಲು ಸುಡುತ್ತಿತ್ತು.

"ಲೇ! ದೊಡ್ಡಪ್ಪನ ಎಡಗಾಲಿಗೆ ಜ್ವರ ಕಣೇ!" ಎಂದು ಡಾಕ್ಟ್ರು ಬೀದಿಗೆಲ್ಲ ಕೇಳುವಂತೆ ಕೂಗಿದರು. ಎದುರುಮನೆಯವರು ಬಂದು, ಯಾವ ಆಸ್ಪತ್ರೆಗೆ ಸೇರಿಸಿದ್ದೀರಿ, ಹಣ್ಣು ತರಬಹುದೇ ಎಂದು ವಿಚಾರಿಸಿಕೊಂಡು ಹೋದರು.

ಆ ಚಕ್ರದ ಬ್ರೇಕು ಹಿಡಿದದ್ದು ಬಿಡುತ್ತಿರಲಿಲ್ಲ, ಅಷ್ಟೆ. ಅದರಿಂದಲೇ ಬಿಸಿ, ಅದರಿಂದಲೇ ಎಡಕ್ಕೆ ಎಳೆತ. ಮೇಸ್ತ್ರಿ ಫೋನಿನಲ್ಲಿ ಹೇಳುತ್ತ ಹೋದರು, ಡಾಕ್ಟ್ರು ಚಕ್ರ ಬಿಚ್ಚಿ, ತುಕ್ಕು ಉಜ್ಜಿ, ಗ್ರೀಸು ಹಚ್ಚಿದರು. ನಲವತ್ತು ನಿಮಿಷದ ಕೆಲಸಕ್ಕೆ ಅರ್ಧ ದಿನ ಹಿಡಿಯಿತು. ಒಂದು ನಟ್ಟು ಚರಂಡಿಗೆ ಬಿತ್ತು. ಅದನ್ನು ಎತ್ತಲು ಹೋದ ಸ್ಟೆತಸ್ಕೋಪೂ ಬಿತ್ತು. ಆದರೂ ಡಾಕ್ಟ್ರು ಇಪ್ಪತ್ತೈದರ ಹುಡುಗನಂತೆ ಶಿಳ್ಳೆ ಹಾಕುತ್ತ ಊಟಕ್ಕೆ ಬಂದರು.

ಬುಧವಾರ ಬ್ರೇಕಿನ ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕಿತ್ತು. ಇದಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಮಲಗಿ ತಿರುಪು ಸಡಿಲಿಸಬೇಕು. ಪೇಷೆಂಟಿನ ಕಡೆಯವರನ್ನು ಒಳಗೆ ಕರೆಯದೆ ವಿಧಿಯಿರಲಿಲ್ಲ.

"ಒತ್ತು!" ಎಂದರು ಡಾಕ್ಟ್ರು ಕೆಳಗಿನಿಂದ. "ಒತ್ತಿ ಹಿಡಿ! ಉಸಿರು ಬಿಡು!"

"ಹೆರಿಗೆ ಮಾಡಿಸ್ತಿದೀರೋ, ಬ್ರೇಕ್ ಮಾಡಿಸ್ತಿದೀರೋ?"

"ಒತ್ತು ಅಂದ್ರೆ ಒತ್ತು!"

"ಒತ್ತಿದೀನಿ. ರೀ, ಒಂದು ಮಾತು. ನಾನು ಬ್ರೇಕ್ ಹಾಕುವಾಗ ಮೂರು ಸಲ..."

"ಆಪರೇಷನ್ ನಡೀವಾಗ ಮಾತಾಡಬಾರದು!"

ಮಾತು ನಿಂತಿತು, ಸರಿ. ಜೊತೆಗೆ ಕಾಲೂ ಪೆಡಲಿನಿಂದ ಎದ್ದಿತು. ಸಿಟ್ಟಿನಲ್ಲಿ ಮತ್ತೆ ಧಡಕ್ಕನೆ ಒತ್ತಿದಾಗ ಬ್ರೇಕಿನ ಎಣ್ಣೆ ಚಿಮ್ಮಿ ಡಾಕ್ಟ್ರ ಕನ್ನಡಕಕ್ಕೆ ಅಭಿಷೇಕವಾಯಿತು. "ಒತ್ತು ಅಂದ್ರಲ್ಲ," ಎಂದರು ಸಸಿಯಮ್ಮ.

ಗುರುವಾರ ಚಾಲಕನ ಬಾಗಿಲಿನ ಒಳಹಿಡಿಯ ಮುರಿದ ಪ್ಲಾಸ್ಟಿಕ್ ಕೊಂಡಿ ಬದಲಾಯಿತು. ಶುಕ್ರವಾರ ಮೇಸ್ತ್ರಿ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಒಂದೊಂದು ಹೆಜ್ಜೆಗೂ ಅಯ್ಯೋ ಎನ್ನುತ್ತ ಬಂದು, ಎಲ್ಲವನ್ನೂ ತಟ್ಟಿ, ಒತ್ತಿ, ಓಡಿಸಿ ನೋಡಿದರು.

"ಸಾರ್, ಇದೆಲ್ಲ ನೀವೇ ಮಾಡಿದ್ದಾ?"

ಡಾಕ್ಟ್ರು ಇಲ್ಲದ ಮೀಸೆ ತಿರುವಿದರು.

"ಒಂದು ನಟ್ಟು ಕೂಡ ಬಿಗಿ ಮಾಡೋ ಹಂಗಿಲ್ಲ. ಅಮ್ಮಾವ್ರು ಓಡ್ಸಿ ನೋಡಿದ್ರಾ?"

"ಇಲ್ಲ. ಗಾಡಿ ಇನ್ನೂ ವಾರ್ಡಿನಲ್ಲಿದೆ. ನಾಳೆಯವರೆಗೆ ಯಾರೂ ಮುಟ್ಟೋ ಹಾಗಿಲ್ಲ!"

ಮೇಸ್ತ್ರಿ ಸಸಿಯಮ್ಮನ ಮುಖ ನೋಡಿದರು. ಸಸಿಯಮ್ಮ ಮುಗಿಲು ನೋಡಿದರು.

ಶನಿವಾರ ತಪಾಸಣೆಯ ಮೈದಾನಕ್ಕೆ, ಸಸಿಯಮ್ಮನನ್ನು ಪಕ್ಕದಲ್ಲಿ ಕೂರಿಸಿ, ಡಾಕ್ಟ್ರೇ ಗಾಡಿ ಓಡಿಸಿಕೊಂಡು ಹೋದರು. ಬೆಣ್ಣೆಯಲ್ಲಿ ಕೂದಲು ಎಳೆದಂತೆ ಹೋಯಿತು. ಇನ್‌ಸ್ಪೆಕ್ಟರು ಸಣಕಲು ಮನುಷ್ಯ, ಕೊರಳಿಗೆ ದಾರದಲ್ಲಿ ಪೆನ್ಸಿಲು ಕಟ್ಟಿಕೊಂಡಿದ್ದರು. ದೀಪ, ಹಾರ್ನು, ಹೊಗೆ ಎಲ್ಲಕ್ಕೂ ಗುರುತು ಹಾಕಿ, "ಗಾಡಿ ಯಾರ ಹೆಸರಲ್ಲಿದೆ?" ಎಂದರು.

"ನನ್ನ ಹೆಸರಲ್ಲಿ," ಎಂದರು ಸಸಿಯಮ್ಮ.

"ಹಾಗಾದ್ರೆ ನೀವೇ ಒಂದು ಸುತ್ತು ಓಡ್ಸಿ."

ಸಸಿಯಮ್ಮ ಚಾಲಕಿಯ ಸೀಟಿಗೆ, ಇನ್‌ಸ್ಪೆಕ್ಟರು ಪಕ್ಕಕ್ಕೆ, ಡಾಕ್ಟ್ರು ಹಿಂದಕ್ಕೆ. ಗಾಡಿ ಸರಿಯಾಗಿದೆ ಎಂಬುದು ಸಸಿಯಮ್ಮನಿಗೆ ಗೊತ್ತಿತ್ತು. ಆದರೆ ಅವರ ಕೈಕಾಲುಗಳಿಗೆ ಇನ್ನೂ ಆ ಸುದ್ದಿ ತಲುಪಿರಲಿಲ್ಲ.

ಮೊದಲು ಚೀಲದಿಂದ ಕರಣಿ ಹೊರಗೆ ಬಂತು.

"ಅದ್ಯಾಕಮ್ಮಾ?" ಎಂದರು ಇನ್‌ಸ್ಪೆಕ್ಟರು.

"ಬ್ಯಾಟರಿಗೆ ಒಂದು ಏಟು ಹಾಕೋಕೆ. ಅಭ್ಯಾಸ."

"ಬೇಡ್ವೇ!" ಎಂದು ಹಿಂದಿನಿಂದ ಡಾಕ್ಟ್ರು ನರಳಿದರು.

ಕೀಲಿ ತಿರುಗಿಸಿದರು, ಎಂಜಿನ್ ಎದ್ದಿತು. ಎಂದೂ ಮೊದಲ ಸಲಕ್ಕೆ ಏಳದ ದೊಡ್ಡಪ್ಪನಿಗಾಗಿ ಕೈ ತಾನಾಗಿ ಎರಡನೆಯ ಸಲವೂ ತಿರುಗಿಸಿತು. ಕರ್‌ರ್‌ರ್! ಇನ್‌ಸ್ಪೆಕ್ಟರ ಹಲ್ಲು ಜುಮ್ಮೆಂದವು. ಗಾಡಿ ಹೊರಟಿತು. ಎಡಕ್ಕೆ ಎಳೆಯುವ ಗಾಡಿಯನ್ನು ವರ್ಷಗಟ್ಟಲೆ ಬಲಕ್ಕೆ ಹಿಡಿದ ಮಣಿಕಟ್ಟು ಇಂದೂ ಬಲಕ್ಕೇ ಹಿಡಿಯಿತು. ದೊಡ್ಡಪ್ಪ ಸುಣ್ಣದ ಗೆರೆ ದಾಟಿ, ಚಹಾ ಕುಡಿಯುತ್ತ ನಿಂತಿದ್ದ ಗುಮಾಸ್ತರ ಗುಂಪಿನತ್ತ ಒಲವಿನಿಂದ ನಡೆದ. ಗುಂಪು ಚೆದುರಿತು, ಲೋಟಗಳು ಉಳಿದವು. ಸಸಿಯಮ್ಮ ಬ್ರೇಕು ಒತ್ತಿದರು, ಎಂದಿನಂತೆ ಮೂರು ಸಲ, ಪೂರ್ತಿ ಬಲ ಹಾಕಿ. ಇನ್‌ಸ್ಪೆಕ್ಟರು ಡ್ಯಾಶ್‌ಬೋರ್ಡಿಗೆ ಮೂರು ಸಲ ನಮಸ್ಕಾರ ಮಾಡಿದರು. ಮೂರನೆಯ ನಮಸ್ಕಾರಕ್ಕೆ ಪೆನ್ಸಿಲಿನ ಮೊನೆ ಮುರಿಯಿತು.

ಅವರು ಜೇಬಿನಿಂದ ಇನ್ನೊಂದು ಪೆನ್ಸಿಲು ತೆಗೆದರು. "ಸ್ಟೀರಿಂಗು ಬಲಕ್ಕೆ ಎಳೆಯುತ್ತೆ. ಬ್ರೇಕು ಮೂರು ಕಂತಿನಲ್ಲಿ ಹಿಡಿಯುತ್ತೆ." ಪೆನ್ಸಿಲು ನಪಾಸಿನ ಚೌಕದತ್ತ ಸಾಗಿತು.

"ಸಾರ್, ಸಾರ್! ಅದು ಗಾಡಿಯ ಕಾಯಿಲೆ ಅಲ್ಲ, ನನ್ನ ಹೆಂಡ್ತಿಯ ಕಾಯಿಲೆ!" ಎಂದು ಡಾಕ್ಟ್ರು ಕೂಗಿದರು.

ಕನ್ನಡಿಯೊಳಗಿಂದ ಎರಡು ಕಣ್ಣು ಡಾಕ್ಟ್ರನ್ನು ಸುಟ್ಟವು.

"ನಾನು ಸರ್ಟಿಫಿಕೇಟ್ ಕೊಡೋದು ಗಾಡಿಗೆ. ದಂಪತಿಗಳಿಗಲ್ಲ," ಎಂದರು ಇನ್‌ಸ್ಪೆಕ್ಟರು. ಹಣೆ ಸವರಿಕೊಂಡು, ಗಡಿಯಾರ ನೋಡಿ, "ಎರಡು ನಿಮಿಷ ಕೊಡ್ತೀನಿ. ಇನ್ನೊಂದು ಸುತ್ತು. ಅದೇ ಕೊನೆ," ಎಂದರು.

ಆಗ, ಇಡೀ ವಾರದಲ್ಲಿ ಮೊದಲ ಸಲ, ಡಾಕ್ಟ್ರಿಗೆ ತಾವೇ ಬರೆಸಿದ ಗೋಡೆಯ ಫಲಕ ನೆನಪಾಯಿತು. ಅವರು ಮುಂದಿನ ಸೀಟುಗಳ ನಡುವೆ ತಲೆ ತೂರಿಸಿದರು.

"ನೋಡು... ಇಷ್ಟು ವರ್ಷ ಇದನ್ನ ನೀನು ಹೇಗೆ ಓಡಿಸ್ತಿದ್ದೆ? ಮೊದಲಿಂದ ಹೇಳು."

"ಈಗ ಕೇಳ್ತೀರಾ?"

"ಈಗಲಾದ್ರೂ ಹೇಳೇ ಮಾರಾಯ್ತಿ!"

ಸಸಿಯಮ್ಮ ಹೇಳಿದರು. ಕೀಲಿ ಎರಡು ಸಲ. ಬಲಗೈ ಸದಾ ಒಂದು ಹಿಡಿ ಬಲಕ್ಕೆ. ಬ್ರೇಕಿಗೆ ಎರಡು ಲೈಟುಕಂಬ ಮುಂಚೆಯೇ ಶುರು, ಮೂರು ಸಲ ತುಳಿತ. ಕುಂಡಗಳಿದ್ದರೆ ಮೂರು ಕಂಬ. ಡಾಕ್ಟ್ರು ಬಾಯಿ ತೆರೆದುಕೊಂಡು ಕೇಳಿದರು. ಅವರು ಒಂದು ವಾರ ಮೈಯೆಲ್ಲ ಎಣ್ಣೆ ಬಳಿದುಕೊಂಡು ಕಂಡುಹಿಡಿದ ರೋಗಗಳೆಲ್ಲ ಇಲ್ಲಿ ಒಂದು ನಿಮಿಷದಲ್ಲಿ ಸಾಲಾಗಿ ಬಂದು ನಿಂತವು. "ಕುಂಡ ಇದ್ರೆ ಮೂರು ಕಂಬ ಯಾಕೆ?" ಎಂದು ತಮ್ಮನ್ನೇ ಮರೆತು ಕೇಳಿದರು.

"ಒಂದು ನಿಮಿಷ ಆಯ್ತು," ಎಂದರು ಇನ್‌ಸ್ಪೆಕ್ಟರು.

"ಸರಿ, ಅದನ್ನೆಲ್ಲ ಮರೆತುಬಿಡು. ಈಗ ಯಾವುದೂ ಬೇಕಾಗಿಲ್ಲ."

"ನಾನು ಮರೀತೀನಿ. ಕಾಲು ಮರೀಬೇಕಲ್ಲ?"

ಸಸಿಯಮ್ಮ ಬಗ್ಗಿ, ಚಪ್ಪಲಿ ಬಿಚ್ಚಿ ಹಿಂದಕ್ಕೆ ಎಸೆದರು. ಒಂದು ಡಾಕ್ಟ್ರ ಮಡಿಲಿಗೆ ಬಿತ್ತು, ಒಂದು ಭುಜಕ್ಕೆ. "ಹಳೇ ಬುದ್ಧಿಯೆಲ್ಲ ಚಪ್ಪಲಿಯಲ್ಲಿದೆ," ಎಂದರು. ಬರಿಗಾಲನ್ನು ಪೆಡಲಿನ ಮೇಲೆ, ಪರಿಚಯವಿಲ್ಲದ ಮನೆಯ ಹೊಸಿಲ ಮೇಲೆ ಇಡುವಂತೆ ಇಟ್ಟರು. ಸ್ಟೀರಿಂಗನ್ನು ಎಳೆಯ ಸಸಿಯ ಕಾಂಡ ಹಿಡಿಯುವಂತೆ ಎರಡೆರಡೇ ಬೆರಳಲ್ಲಿ ಹಿಡಿದರು.

ಕೀಲಿ ಒಂದೇ ಸಲ ತಿರುಗಿತು. ದೊಡ್ಡಪ್ಪ ಸುಣ್ಣದ ಗೆರೆಯನ್ನು ಹಾಸುಗಂಬಳಿಯೆಂದುಕೊಂಡು ಅದರ ಮೇಲೆಯೇ ನಡೆದ. ಗುಮಾಸ್ತರು ಮಾತ್ರ ಮುನ್ನೆಚ್ಚರಿಕೆಗೆ ಗೋಡೆ ಹತ್ತಿದ್ದರು. ಬ್ರೇಕಿಗೆ ಒಂದೇ ಒತ್ತು. ಗಾಡಿ ನಿಂತದ್ದು ಇನ್‌ಸ್ಪೆಕ್ಟರಿಗೆ ಗೊತ್ತೇ ಆಗಲಿಲ್ಲ. ಪೆನ್ಸಿಲು ಪಾಸಿನ ಚೌಕಕ್ಕೆ ಬಂದು ಕೂತಿತು.

"ಇನ್ನೈದು ವರ್ಷ ಚಿಂತೆಯಿಲ್ಲಮ್ಮಾ," ಎಂದು ಚೀಟಿ ಕೊಟ್ಟು ಇನ್‌ಸ್ಪೆಕ್ಟರು ಇಳಿದು ಹೋದರು. ಸಸಿಯಮ್ಮ ಹೊಸ ಒಳಹಿಡಿ ಎಳೆದರು, ಬಾಗಿಲು ಹೂವಿನಂತೆ ಬಿರಿಯಿತು. ಬರಿಗಾಲಲ್ಲೇ ಇಳಿದು, ಬಾನೆಟ್ಟನ್ನು ಒಮ್ಮೆ ಸವರಿದರು.

ಡಾಕ್ಟ್ರು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಗೆದ್ದು ಬಂದವರ ಗತ್ತಿನಲ್ಲಿ ಹಿಂದಿನ ಬಾಗಿಲಿನ ಹಿಡಿ ಎಳೆದರು. ಹಿಡಿ ಬಂತು. ಇನ್ನೊಂದು ಬದಿಯದನ್ನು ಎಳೆದರು. ಅದೂ ಬಂತು. ಮೈದಾನದ ಕಣ್ಣುಗಳೆಲ್ಲ ಮೆಲ್ಲಗೆ ಇತ್ತ ತಿರುಗುತ್ತಿದ್ದವು. ಡಾಕ್ಟ್ರು ಗಾಜು ಇಳಿಸಿ, ಇಪ್ಪತ್ತೆಂಟು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ, ಬಹಳ ವಿನಯದಿಂದ ಕೇಳಿದರು:

"ಇದು ಎಷ್ಟು ದಿನದಿಂದ ಹೀಗೆ?"

"ಮಗಳಿಗೆ ಮೂರು ವರ್ಷ ಆದಾಗಿನಿಂದ," ಎಂದರು ಸಸಿಯಮ್ಮ. "ಅದು ಮಕ್ಕಳ ಬೀಗ, ಒಳಗಿಂದ ತೆರೆಯಲ್ಲ. ಡಿಕ್ಕಿಯಿಂದ ಬನ್ನಿ, ನಿಮಗೆ ಅಭ್ಯಾಸ ಇದೆಯಲ್ಲ."