ಕೂರಿಗೆಯ ಮೇಲೆ ನನ್ನ ಹೆಸರು

ಒಂದು ಕಡೆ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತಾಯಿತು ಎಂದು ನಂಬುವವರಲ್ಲಿ ನಾನೂ ಒಬ್ಬ. ಹೆಂಡತಿಯ ಹತ್ತಿರ ಒಂದು ಸಲ ಕ್ಷಮೆ ಕೇಳಿದರೆ ಅದು ಅತ್ತೆ, ಮಾವ, ಭಾವಮೈದುನ ಎಲ್ಲರಿಗೂ ತಾನಾಗಿಯೇ ಹೋಗಿ ಮುಟ್ಟುತ್ತದೆಂದು ತಿಳಿದಿದ್ದೆ. ಮುಟ್ಟುವುದಿಲ್ಲ. ಕಂಪ್ಯೂಟರಿಗೂ ಇದೇ ಸ್ವಭಾವ ಎಂಬುದು ಮಾತ್ರ ಈ ಸಲದ ಕಾರಹುಣ್ಣಿಮೆಯ ಹೊತ್ತಿಗೆ ಗೊತ್ತಾಯಿತು.

ಶಹಾಪುರದ ಹೊರಗೆ, ಸುರಪುರ ರಸ್ತೆಯಲ್ಲಿ, ಟ್ರ್ಯಾಕ್ಟರಿಗೆ ಕಟ್ಟುವ ಬಿತ್ತನೆ ಕೂರಿಗೆ ತಯಾರಿಸುವ ವರ್ಕ್‌ಶಾಪಿನಲ್ಲಿ ಕಂಪ್ಯೂಟರಿನ ಮೇಲೆ ನಕ್ಷೆ ಬರೆಯುವುದು ನನ್ನ ಕೆಲಸ. ಬರೆಯುವುದು ಎಂದರೆ ಜಂಬವಾದೀತು. ಒದ್ದೆ ಎರೆಮಣ್ಣು ಮೆತ್ತಿಕೊಳ್ಳದ ಹಾಗೆ ಕೂರಿಗೆಯ ಹಲ್ಲು ಬಗ್ಗಿಸಿದವರು ನಮ್ಮ ಹಿರಿಯ ಮೇಸ್ತ್ರಿ ಖಾಜಾ ಚಾಚಾ. ನಾನು ಅದನ್ನು ಕಂಪ್ಯೂಟರಿಗೆ ಇಳಿಸಿದವನು, ಅಷ್ಟೆ. ಒಂದೇ ಫೈಲಿನೊಳಗೆ ತೊಗರಿಗೆ, ಹತ್ತಿಗೆ, ಶೇಂಗಾಕ್ಕೆ ಬೇರೆ ಬೇರೆ ರೂಪ ಮಾಡಿಟ್ಟಿದ್ದೆ. ಸಾಫ್ಟ್‌ವೇರಿನವರು ಇದಕ್ಕೆ ಕಾನ್ಫಿಗರೇಶನ್ ಎನ್ನುತ್ತಾರೆ. ಪ್ರತಿ ಕೂರಿಗೆಗೂ ವಿನ್ಯಾಸ ಮಾಡಿದವರ ಹೆಸರು ಕೊರೆದ ತಗಡೊಂದನ್ನು ಹಚ್ಚಬೇಕೆಂದು ಈ ವರ್ಷ ನಮ್ಮ ಸಾವುಕಾರರಿಗೆ ಮನಸ್ಸಾಯಿತು. “ಚಾಚಾ ಕೆಲಸ ಬಿಡಾಕತ್ತಾರ. ಅವರ ಹೆಸರು ಹೊಲದಾಗರ ತಿರುಗ್ಲಿ,” ಎಂದರು.

ತಗಡು ಕೊರೆಯುವ ಯಂತ್ರ ಹೆಸರನ್ನು ನಕ್ಷೆಯ ಫೈಲಿನಿಂದಲೇ ತೆಗೆದುಕೊಳ್ಳುತ್ತದೆ. ನಾನು ಫೈಲಿನ ವಿವರ ತೆರೆದು, ಹೆಸರಿನ ಜಾಗದಲ್ಲಿ ಚಾಚಾರ ಹೆಸರು ಬರೆದು, ಚಹಾ ಕುಡಿಯಲು ಹೋದೆ. ವಿವರ ಬರೆಯಲು ಎರಡು ಜಾಗಗಳಿರುತ್ತವೆ: ಇಡೀ ಫೈಲಿಗೊಂದು, ಒಂದೊಂದು ರೂಪಕ್ಕೂ ಅದರದೇ ಒಂದು. ನಾನು ತುಂಬಿದ್ದು ಮೊದಲನೆಯದನ್ನು. ರೂಪದಲ್ಲಿ ಬೇರೆ ಹೆಸರಿದ್ದರೆ ಅದರದೇ ನಡೆಯುತ್ತದೆ. ನಾನು ಒಂದೊಂದು ರೂಪ ಮಾಡಿದಾಗಲೂ ಸಾಫ್ಟ್‌ವೇರ್ ಸದ್ದಿಲ್ಲದೆ ನನ್ನ ಹೆಸರು ತುಂಬಿಕೊಂಡಿತ್ತು. ಹೀಗಾಗಿ ಚಾಚಾರ ಹೆಸರು ಸಿಕ್ಕಿದ್ದು ಯಾರೂ ಕೊಳ್ಳದ ಮೂಲ ರೂಪಕ್ಕೆ ಮಾತ್ರ. ಒಂದೊಂದನ್ನೂ ತೆರೆದು ನೋಡಬಹುದಿತ್ತು. ನೋಡಲಿಲ್ಲ.

ಕಾರಹುಣ್ಣಿಮೆಯಂದು, ಹೊಸ ಕೂರಿಗೆಗಳ ಪೂಜೆಯ ದಿನ, ಚಾಚಾ ಬಿಳಿ ಜುಬ್ಬಾ ತೊಟ್ಟು, ಅತ್ತರು ಹಚ್ಚಿಕೊಂಡು, ಚಾಚಿಯನ್ನೂ ಕರೆತಂದಿದ್ದರು. ತಗಡಿಗೆ ಅಂಟಿಸಿದ್ದ ಕಾಗದ ಕಿತ್ತರು. ಶರಣಪ್ಪ. ನನ್ನ ಹೆಸರು. ಮುಂದಿನದನ್ನು ಕಿತ್ತರು. ಅಲ್ಲೂ ನಾನೇ. “ತುಮಾರಾ ನಾಂವ್ ಕಾಂ ಹೈ ಜೀ?” ಎಂದು ಚಾಚಿ ಗಂಡನ ಹೆಸರು ಎಲ್ಲಿದೆಯೆಂದು ಹುಡುಕುತ್ತಿದ್ದರು. ಚಾಚಾ ಇನ್ನೊಂದು ತಗಡನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸಿ ನೋಡಿದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. “ಚಾಚಾ, ಬಿಚ್ಚಿ ಬ್ಯಾರೇ ಹಚ್ಚತೀನ್ರಿ,” ಎಂದೆ. “ಇರ್ಲಿ ಬಿಡು ಬೇಟಾ. ಮಂದಿ ಬಿತ್ತಾಕ ಕಾಯಾಕತ್ತಾರ. ಗಾಡಿಗೆ ಹೇರ್ರಿ,” ಎಂದರು. ಸಂಜೆಯೊಳಗೆ ಕೂರಿಗೆಗಳೆಲ್ಲ ಹೊರಟುಹೋದವು. ಆಮೇಲೆ ಕೂತು ಎಲ್ಲ ರೂಪಗಳಲ್ಲೂ ಹೆಸರು ತಿದ್ದಿದೆ. ಮುಂದಿನ ವರ್ಷದ ಕೂರಿಗೆಗಳಿಗೆ ಅದು ಸರಿ. ಆದರೆ ಅವತ್ತು ಚಾಚಿ ಹುಡುಕಿದ್ದು ನೆನಪಾದರೆ ಇವತ್ತಿಗೂ ಊಟ ಸೇರುವುದಿಲ್ಲ.

ಮೊನ್ನೆ ಬೋನಾಳದ ರೈತರೊಬ್ಬರು ವರ್ಕ್‌ಶಾಪಿಗೆ ಫೋನ್ ಮಾಡಿ ನನ್ನನ್ನೇ ಕೇಳಿದರು. “ಶರಣಪ್ಪ ಅಂದ್ರ ನೀವೇನ್ರಿ? ಏನ್ ಕೂರಿಗಿ ಮಾಡೀರಿ! ಹಸಿ ಎರಿಯೊಳಗೂ ಸರಳ ಹೊಂಟದ.”

“ಅದು ನಾ ಮಾಡಿದ್ದಲ್ರಿ. ನಮ್ಮ ಖಾಜಾ ಚಾಚಾ ಮಾಡಿದ್ದು.”

“ನೋಡ್ರಿ, ಎಂಥಾ ದೊಡ್ಡ ಗುಣ! ತಮ್ಮ ಕೆಲಸ ಇನ್ನೊಬ್ರ ಹೆಸರಿಗೆ ಹಚ್ಚೋರು ಈಗ ಯಾರದಾರ?”

ಮತ್ತೊಮ್ಮೆ ಹೇಳಿದೆ. ಅವರು ಮತ್ತಷ್ಟು ಹೊಗಳಿದರು. ಮೂರನೆಯ ಸಲವೂ ಹೇಳಬೇಕಿತ್ತು. ಅಷ್ಟರಲ್ಲಿ ಯಂತ್ರಗಳ ಸದ್ದು ಜೋರಾಯಿತು. ಅವರ ಮಾತು ಒಂದೂ ತಪ್ಪಬಾರದೆಂದು ನಾನು ಫೋನ್ ಹಿಡಿದುಕೊಂಡು ಹೊರಗೆ ಬಂದೆ.