ಕೌದಿಯ ಮೂಲೆಯಲ್ಲಿ ರೊಟ್ಟಿ

ಹವ್ಯಾಸ ಯಾವುದೆಂದು ಕೇಳಿದವರಿಗೆ ಗಂಡಸಾದವನು ಕ್ರಿಕೆಟ್ ಎಂದೋ ಓದು ಎಂದೋ ಹೇಳಿಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ನಾನು ಕೌದಿ ಹೊಲಿಯುತ್ತೇನೆ. ಚಿಕ್ಕೋಡಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನಾನು ಹೀಗೆಂದಾಗಲೆಲ್ಲ ಕೇಳಿದವರು ಒಮ್ಮೆ ನನ್ನ ಮೀಸೆ ನೋಡುತ್ತಾರೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ, ಸಾಲಾಗಿ ದಾರ ಎಳೆಯುತ್ತ ಕೂತರೆ ನನಗೆ ಸಾಹೇಬರ ಮುಖವೂ ಮರೆತುಹೋಗುತ್ತದೆ. ಕಲಿಸಿದವಳು ಅವ್ವ. ಭೋಜವೆಂಬ ಹಳ್ಳಿಯ ತವರಿನಿಂದ ಅವಳು ತಂದದ್ದು ಎರಡೇ: ಒಂದು ಈ ಕೆಲಸ, ಇನ್ನೊಂದು ಯಾರ ಮಾತನ್ನೂ ಕೇಳದ ಸ್ವಭಾವ.

ಇಂಟರ್‌ನೆಟ್ಟಿನ ಫೋನು ಎಲ್ಲರ ಕೈಗೂ ಬಂದ ಕಾಲದಲ್ಲಿ ನನಗೂ ಆಸೆ ಹುಟ್ಟಿತು. ನಾಲ್ಕು ಫೋಟೊ ಹೊಡೆದು ಆನ್‌ಲೈನ್ ಅಂಗಡಿ ತೆರೆದೆ. "ಅಜ್ಜಿಯರ ಕಾಲದ ಪದ್ಧತಿ" ಎಂದು ಎದೆಯುಬ್ಬಿಸಿ ಬರೆದೆ. ಎರಡು ತಿಂಗಳು ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಕೊನೆಗೆ ಪುಣೆಯಿಂದ ಒಬ್ಬ ತಾಯಿ, ಆಗಷ್ಟೇ ಹುಟ್ಟಿದ ಮಗುವಿಗೆಂದು ಒಂದು ಕೌದಿ ಕೇಳಿದರು. ಇಂಥ ಅಂಗಡಿಗೆ ಮೊದಲ ಗಿರಾಕಿ ಬರೆಯುವ ಅಭಿಪ್ರಾಯವೇ ಜಾತಕ. ಅದು ಕೆಟ್ಟರೆ ಎರಡನೆಯವರು ಇಣುಕಿಯೂ ನೋಡುವುದಿಲ್ಲ.

ನಮ್ಮ ಮನೆಯಲ್ಲಿ ಕೌದಿಯ ಕೊನೆಯ ಮೂಲೆ ಹೊಲಿಯುವ ಮುನ್ನ ಒಳಗೊಂದು ಚೂರು ರೊಟ್ಟಿ ಇಡುವ ರೂಢಿ ಇದೆ. ಹೊದ್ದವರು ಹಸಿದು ಮಲಗಬಾರದು ಎಂಬ ಕಾಳಜಿ. ನಾನು ಮೊದಲೇ ಎಚ್ಚರಿಸಿದೆ.

"ಯವ್ವಾ, ಇದು ಪುಣೆಕ್ಕ ಹೋಗೂದೈತಿ. ರೊಟ್ಟಿ-ಗಿಟ್ಟಿ ಹಾಕಬ್ಯಾಡ."

"ಹೂಂ," ಎಂದಳು ಅವ್ವ. ಆ ಹೂಂಕಾರವನ್ನು ನಂಬಬಾರದೆಂದು ನಲವತ್ತು ವರ್ಷ ಜೊತೆಗಿದ್ದವನಿಗೆ ತಿಳಿದಿರಬೇಕಿತ್ತು.

ಪಾರ್ಸೆಲ್ ಕೊರಿಯರಿಗೆ ಕೊಟ್ಟು ಬಂದ ಸಂಜೆ ಅವ್ವ ಚಹಾ ಸೋಸುತ್ತ ಹೇಳಿದಳು: "ಸಣ್ಣ ಕೂಸಿಂದು ನೋಡ, ಬರೇ ರೊಟ್ಟಿ ಹೆಂಗ ಇಡೂದು? ತುಸು ಬೆಲ್ಲಾನೂ ಹಚ್ಚೀನಿ."

ಬೆಲ್ಲ! ಓಡಿಹೋದೆ, ಗಾಡಿ ಹೊರಟುಹೋಗಿತ್ತು. ಮಳೆಯ ದೆಸೆಯಿಂದ ಪಾರ್ಸೆಲ್ ಯಾವುದೋ ಗೋದಾಮಿನಲ್ಲಿ ಐದು ದಿನ ಕೊಳೆಯಿತು. ನಾನು ಕಚೇರಿಯಲ್ಲಿ ಫೈಲಿನ ಕೆಳಗೆ ಫೋನಿಟ್ಟುಕೊಂಡು ಗಳಿಗೆಗೊಮ್ಮೆ ಪಾರ್ಸೆಲ್ ಎಲ್ಲಿದೆ ಎಂದು ನೋಡುತ್ತಿದ್ದೆ. ಕಣ್ಣು ಮುಚ್ಚಿದರೆ ಇರುವೆಗಳು. ಅಂಗಡಿ ಹಾಳಾಗಲಿ, ಆ ಎಳೆಯ ಮೈಗೆ ಕಚ್ಚಿದರೆ? ಆ ತಾಯಿಗೆ ನಿಜ ಹೇಳುವುದು ಒಂದು ಸಾಲಿನ ಕೆಲಸ. ಮೂರು ಸಲ ಬರೆದೆ, ಮೂರು ಸಲವೂ ಅಳಿಸಿದೆ. ಹೆದರಿಕೆಗಿಂತ ನಾಚಿಕೆಯೇ ದೊಡ್ಡದಾಗಿತ್ತು.

ಆರನೆಯ ದಿನ ಆ ತಾಯಿಯ ಸಂದೇಶ ಬಂತು. ಒಂದು ಮೂಲೆಯಲ್ಲಿ ಗಟ್ಟಿಯಾಗಿ ಏನೋ ಕೈಗೆ ಹತ್ತುತ್ತಿದೆ, ಏನದು ಎಂದು ಕೇಳಿದ್ದರು. "ಅದು ಸಾಂಪ್ರದಾಯಿಕ ಗಂಟು. ಮಗುವಿಗೆ ಹೊದಿಸುವ ಮುಂಚೆ ತಪ್ಪದೇ ಒಂದು ದಿನ ಬಿಸಿಲಿಗೆ ಹಾಕಿ," ಎಂದು ಬರೆದು, ನನ್ನ ಜಾಣತನಕ್ಕೆ ನಾನೇ ಬೆವರಿದೆ. ಎರಡು ದಿನ ಆ ಕಡೆಯಿಂದ ಸದ್ದಿಲ್ಲ.

ಮೂರನೆಯ ದಿನ ಫೋನು ಬಂತು. ಆ ಕಡೆ ಒಬ್ಬ ವಯಸ್ಸಾದ ಹೆಂಗಸಿನ ದನಿ, ಅದೂ ನಮ್ಮ ಕಡೆಯ ಕನ್ನಡ!

"ನಾ ಕೂಸಿನ ಆಯಿ ಮಾತಾಡಾಕತ್ತೀನ್ರಿ. ನನ್ನ ತವರಮನಿ ಜುಗೂಳ. ಒಂದ ಮಾತ ಹೇಳ್ರಿ, ಗಂಟಿಗೆ ಇರುವಿ ಹತ್ತತಾವೇನ್ರಿ?"

ನಾನು ಎದ್ದು ನಿಂತೆ. "ಕೂಸಿಗೆ..." ಎಂದೆ.

"ಕೂಸು ಆರಾಮ ಐತ್ರಿ. ಬಿಸಲಿಗೆ ಹಾಕಿದಾಗ ಇರುವಿ ಸಾಲ ಹಚ್ಚಿದ್ವು. ಸೊಸಿ ಹೌಹಾರಿದ್ಲು. ಮೂಲಿ ಬಿಚ್ಚಿ ನೋಡಿದ್ರ ರೊಟ್ಟಿ! ನಮ್ಮವ್ವ ಹಿಂಗ ಇಡ್ತಿದ್ಲು. ಬೆಲ್ಲದ್ದು ತಗದು, ಬ್ಯಾರೆ ಚೂರ ಇಟ್ಟು ನಾನ ಹೊಲದೀನ್ರಿ. ಇಟ್ಟಾಕಿಗೆ ನನ್ನ ನಮಸ್ಕಾರ ಹೇಳ್ರಿ." ನನಗೊಂದು ನಮಸ್ಕಾರವನ್ನೂ ಹೇಳದೆ ಫೋನು ಇಟ್ಟರು.

ಸಂಜೆ ಅವರ ಸೊಸೆಯ ಅಭಿಪ್ರಾಯ ಅಂಗಡಿಯ ಪುಟದಲ್ಲಿ ಬಂತು. ಐದರಲ್ಲಿ ನಾಲ್ಕು ನಕ್ಷತ್ರ. "ಕೌದಿಯನ್ನು ಕಣ್ಣು ಮುಚ್ಚಿ ನಂಬಬಹುದು. ಮಾರುವವರ ಮಾತನ್ನು ಒಮ್ಮೆ ಬಿಚ್ಚಿ ನೋಡಿ."

ಅವ್ವನಿಗೆ ಓದಲು ಬಾರದು, ಎಣಿಸಲು ಬರುತ್ತದೆ. ಫೋನನ್ನು ದೂರ ಹಿಡಿದು ನಕ್ಷತ್ರ ಎಣಿಸಿದಳು.

"ಒಂದ ಚಿಕ್ಕಿ ಯಾಕ ಕಮ್ಮಿ ಕೊಟ್ಟಾರಲೇ?"

"ಕೊರಿಯರದಾಂವ ತಡಾ ಮಾಡಿದ್ನಬೇ," ಎಂದೆ.